ಗ್ರೀಸ್ ಹಚ್ಚದ ತಗಡು

ತಲೆಯ ಮೇಲೆ ಹುಡುಕಿದರೂ ಒಂದು ಕೂದಲು ಸಿಗದ ಆ ಮನುಷ್ಯನನ್ನು ಬೀದಿಯವರೆಲ್ಲ ‘ಕೂದಲೆಳೆ’ ಎಂದು ಕರೆಯುತ್ತಿದ್ದರು. ಬೋಳುತಲೆಯನ್ನು ನೋಡಿ ಇಟ್ಟ ಹೆಸರಲ್ಲ ಅದು. ಲೇತ್ ಮಷಿನಿನ ಮುಂದೆ ನಿಂತು ಕಬ್ಬಿಣ ಕಡೆಯುವಾಗ, ಗಿರಾಕಿ ‘ಸಾಕು ಕೊಡಪ್ಪ, ಹೊತ್ತಾಯ್ತು’ ಎಂದು ಎಷ್ಟೇ ಅವಸರ ಮಾಡಿದರೂ, ‘ಇರಿ ಸಾರ್, ಇನ್ನೊಂದು ಕೂದಲೆಳೆಯಷ್ಟು ತೆಗೆದ್ರೆ ಸರಿಹೋಗತ್ತೆ’ ಎನ್ನುವುದು ಅವನ ಅಭ್ಯಾಸ. ಅದನ್ನು ಕೇಳಿ ಕೇಳಿ ಎದುರಿನ ವೆಲ್ಡಿಂಗ್ ಅಂಗಡಿಯವನು ಹೆಸರಿಟ್ಟ, ಅದು ನಿಂತಿತು. ಅಪ್ಪ ಅಮ್ಮ ಇಟ್ಟ ಹೆಸರನ್ನು ಹೆಂಡತಿಯೂ ಮರೆತಿದ್ದಳೋ ಏನೋ, ಆಕೆಗೆ ‘ರೀ’ ಎಂದರೆ ಸಾಕಾಗಿತ್ತು. ಅವನೂ ತಲೆ ಸವರಿಕೊಂಡು ನಗುತ್ತಿದ್ದ. ‘ತಲೇಲಿ ಇದ್ದದ್ದೆಲ್ಲ ಕಬ್ಬಿಣದ ಮೇಲೆ ಖರ್ಚಾಯ್ತು’ ಎನ್ನುತ್ತಿದ್ದ.

ನಗುವ ಮನುಷ್ಯ, ನಂಬಬಹುದಾದ ಮನುಷ್ಯ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ಮುಂದೆ ಅವನು ಮಾಡಿದ ಕೆಲಸ ಕೇಳಿದವರು ‘ಮೊದಲಿಂದಲೂ ಹಾಗೇ ಇದ್ದಿರಬೇಕು ಬಿಡಿ’ ಎಂದುಬಿಡುತ್ತಾರೆ. ಇರಲಿಲ್ಲ. ಮೊದಲಿಂದ ಕೆಟ್ಟವನಾಗಿದ್ದವನಿಗೆ ಒಂದು ಕೆಟ್ಟ ಕೆಲಸ ಇಷ್ಟು ಭಾರವಾಗುವುದಿಲ್ಲ.

ಅವನ ವರ್ಕ್‌ಶಾಪ್ ಎಂದರೆ ಮೂರು ಗೋಡೆ, ಒಂದು ತಗಡಿನ ಷಟರು. ಒಂದು ಕಾಲಕ್ಕೆ ಯಾರದೋ ಕಾರು ನಿಲ್ಲಿಸುತ್ತಿದ್ದ ಜಾಗ. ನಡುವೆ ಲೇತು, ಮೂಲೆಯಲ್ಲಿ ಸಾಣೆ ಯಂತ್ರ, ಗೋಡೆಗೆ ಮೊಳೆ ಹೊಡೆದು ಸಾಲಾಗಿ ತೂಗುಹಾಕಿದ ಪಾನಾಗಳು. ನೆಲದ ತುಂಬ ಕಬ್ಬಿಣದ ಸುರುಳಿ ಸಿಪ್ಪೆ. ಅದು ಚಪ್ಪಲಿಗೆ ಚುಚ್ಚಿಕೊಂಡು ಮನೆಯವರೆಗೂ ಬರುತ್ತದೆಂದು ಹೆಂಡತಿ ಹೊಸಿಲಿನ ಹೊರಗೇ ಚಪ್ಪಲಿ ಬಿಡಿಸುತ್ತಿದ್ದಳು. ಎಣ್ಣೆಯ ವಾಸನೆಯನ್ನು ಮಾತ್ರ ಹೊರಗೆ ಬಿಡಿಸಲಾಗಲಿಲ್ಲ. ಮಗಳು ಚಿಕ್ಕವಳಿದ್ದಾಗ ‘ಅಪ್ಪನ ವಾಸನೆ ಬಂತು’ ಎಂದು ಬಾಗಿಲಿಗೆ ಓಡಿಬರುತ್ತಿದ್ದಳು.

ಕೆಲಸ ಕಲಿತದ್ದು ಒಂದು ದೊಡ್ಡ ಕಾರ್ಖಾನೆಯಲ್ಲಿ. ಅಲ್ಲಿ ಪಕ್ಕದ ಮಷಿನಿನಲ್ಲಿದ್ದವರನ್ನು ಆಮೇಲೆ ಎಲ್ಲರೂ ಫೋರ್ಮನ್ ಎಂದು ಕರೆದರು, ಇವನು ಮಾತ್ರ ಮೊದಲಿಂದ ಕೊನೆಯವರೆಗೆ ‘ಅಣ್ಣ’ ಎಂದ. ಒಡಹುಟ್ಟಿದ ಅಣ್ಣನಲ್ಲ. ಆದರೆ ಊಟದ ಬೆಲ್ಲು ಹೊಡೆದಾಗ ಫೋರ್ಮನ್ನರ ಡಬ್ಬಿಯಲ್ಲಿ ಯಾವಾಗಲೂ ಇಬ್ಬರಿಗಾಗುವಷ್ಟು ಊಟ ಇರುತ್ತಿತ್ತು. ಮದುವೆಗೆ ಮುಂಚೆ ಒಂಟಿ ಕೋಣೆಯಲ್ಲಿ ಬೇಯಿಸಿಕೊಳ್ಳಲು ಸೋಮಾರಿತನ ಮಾಡುತ್ತಿದ್ದ ಈ ಹುಡುಗನಿಗೆಂದೇ ಅತ್ತಿಗೆ, ಅಂದರೆ ಫೋರ್ಮನ್ನರ ಹೆಂಡತಿ, ಮೇಲಿನ ಡಬ್ಬಿ ತುಂಬಿ ಕಳಿಸುತ್ತಿದ್ದರು. ‘ಅವನು ತಿಂದ್ನಾ?’ ಎಂದು ಸಂಜೆ ಕೇಳುತ್ತಿದ್ದರಂತೆ, ಗಂಡ ತಿಂದರೋ ಇಲ್ಲವೋ ಎಂದು ಕೇಳುವ ಮೊದಲು.

ಫೋರ್ಮನ್ ಕಲಿಸಿದ್ದು ಬಹಳ. ಅದರಲ್ಲಿ ಒಂದು, ಮಷಿನಿಗೆ ಬಣ್ಣ ಹೊಡೆಯುವ ರೀತಿ. ಬಣ್ಣ ಹೊಡೆಯುವ ಮುಂಚೆ, ಯಂತ್ರ ಮಾಡಿದ ಕಂಪನಿಯ ಹೆಸರಿನ ಹಿತ್ತಾಳೆ ತಗಡು, ಅಂಕಿ ಕೊರೆದ ಬಿಲ್ಲೆಗಳು, ಎಣ್ಣೆ ಮಟ್ಟ ತೋರಿಸುವ ಗಾಜಿನ ಕಣ್ಣು, ಇವಕ್ಕೆಲ್ಲ ಬೆರಳಿನಿಂದ ದಪ್ಪಗೆ ಗ್ರೀಸ್ ಹಚ್ಚಬೇಕು. ಗ್ರೀಸಿನ ಮೇಲೆ ಬಣ್ಣ ಕೂರುವುದಿಲ್ಲ. ಬಣ್ಣ ಒಣಗಿದ ಮೇಲೆ ಸೀಮೆಎಣ್ಣೆಯ ಬಟ್ಟೆಯಿಂದ ಒಂದು ಸಲ ಒರೆಸಿದರೆ ತಗಡು ತೊಳೆದಿಟ್ಟ ಪಾತ್ರೆಯ ಹಾಗೆ ಹೊಳೆಯುತ್ತದೆ.

‘ಬಣ್ಣ ಹೊಡೆಯೋದು ಯಾವ ಮುಠ್ಠಾಳನಿಗೂ ಬರತ್ತೆ ಕಣಯ್ಯ’ ಎನ್ನುತ್ತಿದ್ದರು ಫೋರ್ಮನ್. ‘ಎಲ್ಲಿ ಹೊಡೀಬಾರ್ದು ಅನ್ನೋದು ಗೊತ್ತಿರ್ಬೇಕು. ಅದರ ಮೈಮೇಲೆ ಬರೆದಿರೋದನ್ನ ಮುಚ್ಚಬೇಡ. ಅದು ಯಾರದು, ಎಲ್ಲಿಂದ ಬಂತು ಅಂತ ನೋಡ್ದವರಿಗೆ ಗೊತ್ತಾಗ್ಲಿ.’

ಕಾರ್ಖಾನೆ ಆಳು ಕಡಿಮೆ ಮಾಡಿದಾಗ ಕೂದಲೆಳೆ ಹೊರಗೆ ಬಂದು, ಸಹಕಾರ ಸೊಸೈಟಿಯ ಸಾಲದಲ್ಲಿ ಸ್ವಂತ ಲೇತು ಕೊಂಡ. ಸಾಲಕ್ಕೆ ಲೇತೇ ಅಡಮಾನ. ಸೊಸೈಟಿಯವರು ಬಂದು ಮಷಿನಿನ ಕಾಲಿನ ಮೇಲೆ, ಮೋಟಾರಿನ ಕೆಳಗೆ, ಅಂಗೈಯಗಲದ ಒಂದು ಅಲ್ಯುಮಿನಿಯಂ ತಗಡು ಹೊಡೆದು ಹೋದರು. ಸಣ್ಣಗೆ ಕೊರೆದ ಅಕ್ಷರ: ಈ ಯಂತ್ರವು ಸಂಘಕ್ಕೆ ಅಡಮಾನವಾಗಿದೆ. ಸಾಲ ತೀರಿದ ದಿನ ಅವರೇ ಬಂದು ಅದನ್ನು ಕಿತ್ತುಕೊಂಡು ಹೋಗುವುದು ಪದ್ಧತಿ.

‘ಇದ್ಯಾಕೆ ಸಾರ್, ನಾನೇನು ಮಷಿನ್ ಹೊತ್ಕೊಂಡು ಓಡಿಹೋಗ್ತೀನಾ?’ ಎಂದು ಅವನು ನಕ್ಕಿದ್ದ.

‘ನಿಮಗಾಗಿ ಅಲ್ಲ ಇದು’ ಎಂದಿದ್ದರು ಸೊಸೈಟಿಯ ಅಧಿಕಾರಿ. ‘ನಾಳೆ ಇನ್ಯಾರಾದ್ರೂ ಇದರ ಮೇಲೆ ದುಡ್ಡು ಕೊಡೋಕೆ ಬಂದ್ರೆ, ಪಾಪ, ಅವರು ಮುಳುಗಬಾರ್ದು.’

ವರ್ಷಕ್ಕೊಂದು ಸಲ, ಲೇತು ಅಂಗಡಿಗೆ ಬಂದ ತಿಂಗಳಲ್ಲಿ, ಅವನು ಅದಕ್ಕೆ ಬಣ್ಣ ಹೊಡೆಯುತ್ತಿದ್ದ. ಒಂದು ವರ್ಷ ಬೂದು, ಒಂದು ವರ್ಷ ನೀಲಿ, ಅಂಗಡಿಯಲ್ಲಿ ಯಾವುದು ಅಗ್ಗವೋ ಅದು. ಪ್ರತಿ ವರ್ಷವೂ ಹಿತ್ತಾಳೆ ತಗಡಿಗೆ ಗ್ರೀಸ್, ಬಿಲ್ಲೆಗಳಿಗೆ ಗ್ರೀಸ್, ಸೊಸೈಟಿಯ ತಗಡಿಗೂ ಗ್ರೀಸ್. ಮನೆಯ ಗೋಡೆ ಸುಣ್ಣ ಕಾಣದೆ ಕೂತಿರುವಾಗ ಮಷಿನಿಗೆ ಈ ಉಪಚಾರವೇ ಎಂದು ಹೆಂಡತಿ ರೇಗಿಸುತ್ತಿದ್ದಳು. ‘ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ. ಜುಟ್ಟೂ ಇಲ್ಲ ಬಿಡಿ, ಅದು ಬೇರೆ ಮಾತು.’

ಹಿಟ್ಟಿಗೆ ಆಗ ಕೊರತೆಯಿರಲಿಲ್ಲ. ಒಂದು ಪಂಪ್ ಕಂಪನಿ ತನ್ನ ಶಾಫ್ಟುಗಳನ್ನೆಲ್ಲ ಇವನ ಕೈಯಲ್ಲೇ ಮಾಡಿಸುತ್ತಿತ್ತು. ಕಂತುಗಳು ತಪ್ಪದೆ ಹೋಗುತ್ತಿದ್ದವು. ಆಮೇಲೆ ಒಂದು ವರ್ಷ ಕಂಪನಿಯವರು ಇದ್ದಕ್ಕಿದ್ದಂತೆ ಮೂರು ಪಾಲು ಹೆಚ್ಚಿನ ಆರ್ಡರು ಕೊಟ್ಟರು. ಉಕ್ಕಿನ ಸರಳು ನೀನೇ ಕೊಂಡುಕೋ, ಮಾಲು ಕೊಟ್ಟಾಗ ಎಲ್ಲ ಸೇರಿಸಿ ಕೊಡುತ್ತೇವೆ ಎಂದರು. ಇವನಿಗೆ ಮಗಳ ಓದು ಮುಗಿಯುವುದು ಕಂಡಿತು, ಸೊಸೈಟಿಯ ತಗಡು ಕೀಳಿಸಿದಂತೆಯೂ ಕಂಡಿತು. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ. ನಾಳೆ ಹಾಸಿಗೆ ಉದ್ದವಾಗುತ್ತದೆಂದು ಕಾಲು ಚಾಚುವವರೇ ಜಗತ್ತಿನಲ್ಲಿ ಹೆಚ್ಚು, ಅವನೂ ಅವರಲ್ಲೊಬ್ಬ. ಸರಳು ಕೊಳ್ಳಲು ದುಡ್ಡು ಬೇಕಿತ್ತು. ಸೊಸೈಟಿ ಹಳೆಯದು ತೀರುವವರೆಗೆ ಹೊಸದು ಕೊಡುವುದಿಲ್ಲ ಎಂದಿತು. ಅವನು ಅಣ್ಣನ ಮನೆಗೆ ಹೋದ.

ಫೋರ್ಮನ್ ಅಷ್ಟರಲ್ಲಿ ನಿವೃತ್ತರಾಗಿದ್ದರು. ಮನೆ ಮೂರನೇ ಮಹಡಿಯಲ್ಲಿ, ಲಿಫ್ಟಿಲ್ಲದ ಹಳೇ ಕಟ್ಟಡ. ಅತ್ತಿಗೆಯ ಎರಡು ಮಂಡಿಗಳೂ ಸವೆದುಹೋಗಿದ್ದವು. ಇಳಿದರೆ ಹತ್ತಲಾಗದೆಂದು ಅವರು ಕೆಳಗೆ ಬರುವುದನ್ನೇ ಬಿಟ್ಟಿದ್ದರು. ತರಕಾರಿಯವನು ಕೂಗಿದರೆ ಕಿಟಕಿಯಿಂದ ಹಗ್ಗಕ್ಕೆ ಕಟ್ಟಿದ ಬುಟ್ಟಿ ಇಳಿಬಿಡುತ್ತಿದ್ದರು. ನಿವೃತ್ತಿಯ ದುಡ್ಡಿನಲ್ಲಿ ನೆಲಮಟ್ಟದ ಒಂದು ಮನೆಯನ್ನು ಭೋಗ್ಯಕ್ಕೆ ಹಿಡಿಯಬೇಕು, ಬಾಗಿಲು ತೆಗೆದರೆ ಬೀದಿ ಇರಬೇಕು ಎನ್ನುವುದು ಅವರ ಒಂದೇ ಆಸೆ. ಮನೆ ನೋಡಿಯೂ ಆಗಿತ್ತು, ಅದು ಖಾಲಿಯಾಗಲು ಇನ್ನೂ ಆರೇಳು ತಿಂಗಳಿತ್ತು. ಆ ಆರೇಳು ತಿಂಗಳ ಮಟ್ಟಿಗೆ ದುಡ್ಡು ಕೊಡಿ ಎಂದು ಕೂದಲೆಳೆ ಕೇಳಿದ.

ಫೋರ್ಮನ್ ಒಂದೇ ಮಾತಿಗೆ ‘ತಗೊಂಡು ಹೋಗಯ್ಯ’ ಎಂದರು. ಅತ್ತಿಗೆ ಚಹಾದ ಲೋಟ ಮುಂದಿಟ್ಟು, ಸ್ವಲ್ಪ ಸಂಕೋಚದಲ್ಲೇ ಹೇಳಿದರು, ‘ನೋಡಪ್ಪ, ನೀನು ಬೇರೆಯವನಲ್ಲ. ಆದ್ರೆ ಇದು ನನ್ನ ಮಂಡಿ ದುಡ್ಡು. ಏನಾದ್ರೂ ಒಂದು ಆಧಾರ ಅಂತ ಇದ್ರೆ ನನಗೆ ನಿದ್ದೆ ಬರತ್ತೆ. ತಪ್ಪು ತಿಳ್ಕೋಬೇಡ.’

‘ತಪ್ಪೇನು ಅತ್ತಿಗೆ? ಮಷಿನನ್ನೇ ಬರ್ದುಕೊಡ್ತೀನಿ’ ಎಂದ ಅವನು. ಮಾತು ಬಾಯಿಂದ ಹೊರಟ ಮೇಲೆ ಸೊಸೈಟಿಯ ತಗಡು ನೆನಪಾಯಿತು. ಆಗಲೇ ಹೇಳಿಬಿಡಬಹುದಿತ್ತು. ಸೊಸೈಟಿಗೆ ಇನ್ನೂ ಅರ್ಧ ಬಾಕಿ ಇದೆ, ಮಷಿನಿನ ಮೇಲೆ ಮೊದಲ ಹಕ್ಕು ಅವರದು ಎಂದರೆ ಫೋರ್ಮನ್ ಅರ್ಧವನ್ನಾದರೂ ಕೊಡುತ್ತಿದ್ದರೋ ಏನೋ. ಆದರೆ ಅತ್ತಿಗೆಯ ಮುಖದಲ್ಲಿ ನಿರಾಳ ಆಗಲೇ ಬಂದುಬಿಟ್ಟಿತ್ತು. ಫೋರ್ಮನ್, ‘ಭಾನುವಾರ ಬಂದು ಸುಮ್ನೆ ಒಂದ್ಸಲ ನೋಡ್ಕೊಂಡು ಹೋಗ್ತೀನಿ, ಇವಳ ಸಮಾಧಾನಕ್ಕೆ’ ಎಂದರು. ಅವನು ಚಹಾ ಕುಡಿದು ಎದ್ದ.

ಶನಿವಾರ ಮಧ್ಯಾಹ್ನ ಷಟರನ್ನು ಅರ್ಧ ಎಳೆದುಕೊಂಡು ಅವನು ಲೇತಿಗೆ ಬಣ್ಣ ಹೊಡೆಯಲು ಕೂತ. ಹೇಗೂ ಬಣ್ಣದ ತಿಂಗಳೇ ಅದು. ಹಸಿರು ಡಬ್ಬಿ ತಂದಿಟ್ಟು ಒಂದು ವಾರವಾಗಿತ್ತು. ಗ್ರೀಸಿನ ಡಬ್ಬಿಗೆ ಬೆರಳು ಅದ್ದಿ ಹಿತ್ತಾಳೆ ತಗಡಿಗೆ ಹಚ್ಚಿದ, ಬಿಲ್ಲೆಗಳಿಗೆ ಹಚ್ಚಿದ, ಗಾಜಿನ ಕಣ್ಣಿಗೆ ಹಚ್ಚಿದ. ಕೊನೆಗೆ ಕುಕ್ಕರುಗಾಲಲ್ಲಿ ಕೂತು ಕಾಲಿನ ಮೇಲಿದ್ದ ಸೊಸೈಟಿಯ ತಗಡಿನ ಹತ್ತಿರ ಬೆರಳು ತಂದ. ಬೆರಳು ಅಲ್ಲಿ ನಿಂತಿತು. ಎಷ್ಟು ಹೊತ್ತು ನಿಂತಿತೋ ಅವನಿಗೂ ಗೊತ್ತಿಲ್ಲ. ಎದುರಿನ ವೆಲ್ಡಿಂಗ್ ಅಂಗಡಿಯ ಬೆಳಕು ಷಟರಿನ ಕೆಳಗಿಂದ ಮಿಂಚಿ ಮಿಂಚಿ ಹೋಗುತ್ತಿತ್ತು. ಆಮೇಲೆ ಅವನು ಬೆರಳಿನ ಗ್ರೀಸನ್ನು ಹಳೇ ಬಟ್ಟೆಗೆ ಒರೆಸಿ ಬ್ರಷ್ ಎತ್ತಿಕೊಂಡ.

ಏಳು ತಿಂಗಳ ಮಾತು, ಆರ್ಡರಿನ ದುಡ್ಡು ಬಂದರೆ ಇಬ್ಬರದೂ ತೀರುತ್ತದೆ, ಯಾರಿಗೂ ಗೊತ್ತೇ ಆಗುವುದಿಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಯಾರಿಗೂ ಗೊತ್ತಾಗುವುದಿಲ್ಲ ಎಂದು ಮನುಷ್ಯ ಹೇಳಿಕೊಳ್ಳುವುದು ಗೊತ್ತಾಗಬಾರದ ಕೆಲಸಕ್ಕೇ ತಾನೆ? ಎರಡು ಸಲ ಬಣ್ಣ ಬಳಿದ. ಕೊರೆದ ಸಣ್ಣ ಅಕ್ಷರಗಳು ತುಂಬಿಕೊಂಡು ಮಟ್ಟಸವಾದವು. ಹುಡುಕುವವನಿಗೆ ತಗಡಿನ ಅಂಚು ಕಾಣುತ್ತಿತ್ತು, ನಂಬಿ ಬಂದವನಿಗೆ ಅದೂ ಕಾಣುವಂತಿರಲಿಲ್ಲ.

ಭಾನುವಾರ ಫೋರ್ಮನ್ ಬಂದರು. ಮಷಿನಿನ ಸುತ್ತ ಒಂದು ಸುತ್ತು ಬಂದು, ಹಿತ್ತಾಳೆ ತಗಡಿನ ಹೊಳಪು ನೋಡಿ, ಬೆನ್ನು ತಟ್ಟಿದರು.

‘ಬಣ್ಣ ಚೆನ್ನಾಗಿ ಕೂತಿದೆ ಕಣಯ್ಯ. ಕಲ್ಸಿದ್ದು ಮರೆತಿಲ್ಲ ನೀನು.’

ಕೂದಲೆಳೆ ತಲೆ ಸವರಿಕೊಂಡು ನಕ್ಕ. ಆ ನಗುವನ್ನು ಅವನು ಮುಂದೆ ಎಷ್ಟು ಸಲ ನೆನೆದು ಹಣೆ ಚಚ್ಚಿಕೊಂಡನೋ. ಅಡಮಾನದ ಕಾಗದಕ್ಕೆ ರುಜು ಹಾಕಿದ, ದುಡ್ಡು ತೆಗೆದುಕೊಂಡ. ದುಡ್ಡು ಕೊಟ್ಟದ್ದು ಡಬ್ಬಿಯ ಊಟ ಹಾಕಿ ಬೆಳೆಸಿದ ಕೈ. ಉಂಡ ಮನೆಗೆ ಎರಡು ಬಗೆಯುವುದು ಎಂದರೆ ಇದೇ.

ಆರ್ಡರು ಕೈಗೆ ಬಂದ ತುತ್ತಾಗಿತ್ತು, ಬಾಯಿಗೆ ಬರಲಿಲ್ಲ. ಶಾಫ್ಟುಗಳನ್ನೆಲ್ಲ ಕಡೆದು, ಎಣ್ಣೆ ಸವರಿ, ಕಾಗದ ಸುತ್ತಿ ಜೋಡಿಸಿಟ್ಟ ಹೊತ್ತಿಗೆ ಪಂಪ್ ಕಂಪನಿಯ ಗೇಟಿಗೆ ಬೀಗ ಬಿದ್ದಿತು. ಅಲ್ಲಿಯ ಅಳತೆಗೆ ಮಾಡಿದ ಮಾಲು ಬೇರೆ ಯಾರಿಗೂ ಬೇಡವಾಗಿತ್ತು. ಅದನ್ನು ಗುಜರಿಯ ತೂಕಕ್ಕೆ ಮಾರಿ ಬಂದದ್ದರಲ್ಲಿ ಸೊಸೈಟಿಗೆ ಒಂದು ಕಂತು ಕಟ್ಟಿದ. ಆಮೇಲಿನ ಕಂತುಗಳು ನಿಂತವು. ನೆಲಮಟ್ಟದ ಮನೆ ಖಾಲಿಯಾಗುವ ತಿಂಗಳು ಬಂತು, ಫೋರ್ಮನ್ ದುಡ್ಡು ಕೇಳಿದರು, ಇವನು ‘ಇನ್ನು ಸ್ವಲ್ಪ ದಿನ ಅಣ್ಣ’ ಎಂದ. ಆ ಮನೆಗೆ ಬೇರೆ ಯಾರೋ ಬಂದರು. ಅತ್ತಿಗೆ, ‘ಹೋಗ್ಲಿ ಬಿಡಿ, ಮಷಿನ್ ಇದೆಯಲ್ಲ, ದುಡ್ಡು ಎಲ್ಲೂ ಹೋಗಲ್ಲ’ ಎಂದರಂತೆ.

ಮಷಿನ್ ಜಪ್ತಿ ಮಾಡಲು ಸೊಸೈಟಿಯ ಅಧಿಕಾರಿ ಬಂದದ್ದು ಒಂದು ಬೆಳಗ್ಗೆ, ಇಬ್ಬರು ಆಳುಗಳ ಜೊತೆ. ಸುದ್ದಿ ಹೇಗೋ ಮುಟ್ಟಿ ಫೋರ್ಮನ್ನರೂ ತಮ್ಮ ಕಾಗದ ಹಿಡಿದು ಏದುಸಿರು ಬಿಡುತ್ತ ಬಂದರು. ಮಷಿನ್ ಒಂದು, ಹಕ್ಕು ಹೇಳುವವರು ಇಬ್ಬರು. ಕೂದಲೆಳೆ ಇಬ್ಬರ ನಡುವೆ ತನ್ನದೇ ಅಂಗಡಿಯಲ್ಲಿ ನೆಂಟನ ಹಾಗೆ ನಿಂತಿದ್ದ.

‘ಇದು ನನಗೆ ಬರೆದುಕೊಟ್ಟಿರೋ ಮಷಿನ್ ಸಾರ್’ ಎಂದರು ಫೋರ್ಮನ್. ‘ನೀವು ಹೇಗೆ ತಗೊಂಡು ಹೋಗ್ತೀರಿ?’

‘ನಮಗೆ ಮೊದಲೇ ಬರೆದುಕೊಟ್ಟಿದ್ದು. ನಮ್ಮ ತಗಡೇ ಇದೆಯಲ್ಲ, ನೀವು ನೋಡ್ಲಿಲ್ವಾ?’ ಎಂದರು ಅಧಿಕಾರಿ. ಮೋಟಾರಿನ ಕೆಳಗೆ ಬಗ್ಗಿ ನೋಡಿದರು. ಹಸಿರು. ಕೈಯಾಡಿಸಿದರು, ಅಂಚು ಸಿಕ್ಕಿತು. ಜೇಬಿನಿಂದ ಬೀಗದ ಕೈ ತೆಗೆದು ಕೆರೆದರು. ಬಣ್ಣ ಚಕ್ಕೆಯಾಗಿ ಎದ್ದು ಬಂತು, ಅದರಡಿ ಅಲ್ಯುಮಿನಿಯಂ ಬಿಳಿಯಾಗಿ ಕಂಡಿತು. ಕೊರೆದ ಅಕ್ಷರಗಳಲ್ಲಿ ಮಾತ್ರ ಹಸಿರು ಉಳಿದುಕೊಂಡು, ಈ ಯಂತ್ರವು ಸಂಘಕ್ಕೆ ಅಡಮಾನವಾಗಿದೆ ಎಂಬುದು ಮೊದಲಿಗಿಂತ ಸ್ಪಷ್ಟವಾಗಿ ಓದುವಂತಾಯಿತು.

ಅಧಿಕಾರಿ ಎದ್ದು ನಿಂತರು. ‘ಇದನ್ನ ಯಾರ್ರೀ ಮುಚ್ಚಿದ್ದು?’

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಕೂದಲೆಳೆ ಬಲಗೈಯ ಬೆರಳನ್ನು ಅಂಗಿಗೆ ಒರೆಸಿಕೊಂಡ. ‘ವರ್ಷ ವರ್ಷ ಬಣ್ಣ ಹೊಡೀತೀನಿ ಸಾರ್. ಅದರಲ್ಲಿ ಗೊತ್ತಿಲ್ದೆ ಮುಚ್ಚಿಹೋಗಿರ್ಬೇಕು. ಅಣ್ಣನಿಗೆ ಸೊಸೈಟಿ ಸಾಲದ ವಿಷಯ ಗೊತ್ತಿದೆ ಅಂತ ಅಂದ್ಕೊಂಡಿದ್ದೆ...’

ಅಧಿಕಾರಿ ಫೋರ್ಮನ್ನರ ಕಡೆ ತಿರುಗಿದರು. ಕೆಟ್ಟ ಮನುಷ್ಯರಲ್ಲ, ಬಿಡಿಸಿಯೇ ಹೇಳಿದರು. ‘ನೋಡಿ ಯಜಮಾನ್ರೇ, ಮೊದಲು ಬರೆಸಿಕೊಂಡವರದು ಮೊದಲ ಹಕ್ಕು. ಹರಾಜಿನಲ್ಲಿ ನಮ್ಮದು ತೀರಿ ಉಳಿದ್ರೆ ಅಷ್ಟು ನಿಮಗೆ. ಆದ್ರೆ ಇವರು ಬೇಕು ಅಂತಲೇ ಮರೆಮಾಚಿ ನಿಮಗೆ ಬರೆದುಕೊಟ್ಟಿದ್ರೆ ಅದು ಮೋಸ. ನೀವು ಕಂಪ್ಲೇಂಟ್ ಕೊಡಿ, ಇವರ ಮನೆ, ಸಾಮಾನು, ಎಲ್ಲದರ ಮೇಲೂ ಹೋಗಬಹುದು. ನಾನೂ ಬರೆದುಕೊಡ್ತೀನಿ. ನೀವು ಇದೇ ಕಸುಬಿನವರು ಅಂತೀರಿ. ಹೇಳಿ, ಬಣ್ಣ ಹೊಡೆಯೋವಾಗ ಹೀಗೆ ಗೊತ್ತಿಲ್ದೆ ಆಗತ್ತಾ?’

ಫೋರ್ಮನ್ ನೆಲದ ಮೇಲೆ ಬಿದ್ದಿದ್ದ ಬಣ್ಣದ ಚಕ್ಕೆಯನ್ನು ಬಗ್ಗಿ ಎತ್ತಿಕೊಂಡರು. ಕನ್ನಡಕವನ್ನು ಹಣೆಗೆ ಏರಿಸಿ ಅದರ ಅಂಚು ನೋಡಿದರು. ತಗಡಿನ ಪಕ್ಕದಲ್ಲಿ ಬೀಗದ ಕೈ ತಾಗಿ ಗೀರಿದ್ದ ಮಷಿನಿನ ಮೈಯನ್ನೂ ನೋಡಿದರು. ಮೈಯ ಮೇಲೆ ಹಸಿರಿನಡಿ ನೀಲಿ, ನೀಲಿಯಡಿ ಬೂದು, ವರ್ಷ ವರ್ಷದ ಬಣ್ಣ ಪದರ ಪದರವಾಗಿ ಕಾಣುತ್ತಿತ್ತು. ಕೈಯಲ್ಲಿದ್ದ ಚಕ್ಕೆಯಲ್ಲಿ ಹಸಿರೊಂದೇ. ಅಂದರೆ ಅಷ್ಟು ವರ್ಷವೂ ಗ್ರೀಸ್ ಹಚ್ಚಿ ಕಾಪಾಡಿದ ತಗಡಿಗೆ ಈ ಒಂದು ಸಲ ಮಾತ್ರ ಹಚ್ಚಿಲ್ಲ. ಅಧಿಕಾರಿಗೆ ಅದು ಕಸ, ಆಳುಗಳಿಗೂ ಕಸ. ಆ ಅಂಗಡಿಯಲ್ಲಿ ಅದನ್ನು ಓದಬಲ್ಲವರು ಇಬ್ಬರೇ ಇದ್ದರು, ಒಬ್ಬರು ಕಲಿಸಿದವರು, ಇನ್ನೊಬ್ಬ ಕಲಿತವನು.

ಫೋರ್ಮನ್ ಅವನ ಮುಖ ನೋಡಿದರು. ಬೈಗುಳ ಬರುತ್ತದೆಂದು ಅವನು ಕಾದ. ಬಂದಿದ್ದರೆ ಎಷ್ಟೋ ಚೆನ್ನಾಗಿತ್ತು.

‘ಆಗತ್ತೆ ಸಾರ್’ ಎಂದರು ಫೋರ್ಮನ್. ‘ಬಣ್ಣ ಹೊಡೆಯೋವಾಗ ಆಗತ್ತೆ. ನಮ್ಮಲ್ಲಿ ಎಲ್ಲರಿಗೂ ಆಗೋದೇ.’

ಅಧಿಕಾರಿ ಅದನ್ನೇ ಬರೆದುಕೊಂಡರು. ಫೋರ್ಮನ್ ಚಕ್ಕೆಯನ್ನು ಜೇಬಿಗೆ ಹಾಕಿಕೊಂಡು ಹೊರಟರು. ಷಟರಿನ ಹತ್ತಿರ ಕೂದಲೆಳೆ ಓಡಿಹೋಗಿ ‘ಅಣ್ಣ’ ಎಂದ. ಅವರು ನಿಂತರು, ತಿರುಗಲಿಲ್ಲ.

‘ಗ್ರೀಸ್ ಖಾಲಿಯಾಗಿತ್ತೇನಯ್ಯ?’ ಎಂದಷ್ಟೇ ಕೇಳಿ ಬೀದಿ ದಾಟಿದರು.

ಹರಾಜಿಗೆ ಬಂದವರು ಮೂರು ಮತ್ತೊಂದು ಜನ. ಹಳೇ ಲೇತು ಯಾರಿಗೆ ಬೇಕು? ಗುಜರಿಯವನೊಬ್ಬ ಕೂಗಿದ ಬೆಲೆಗೇ ಹೋಯಿತು. ಇಬ್ಬರ ಹಕ್ಕಿನ ನಡುವೆ ಮೂರನೆಯವನು ಮಷಿನ್ ಹೊತ್ತುಕೊಂಡು ನಡೆದ. ಸೊಸೈಟಿ ತನ್ನ ಬಾಕಿಯನ್ನೂ ಬಡ್ಡಿಯನ್ನೂ ಜಪ್ತಿಯ ಖರ್ಚನ್ನೂ ಹಿಡಿದುಕೊಂಡ ಮೇಲೆ ಫೋರ್ಮನ್ನರ ಪಾಲಿಗೆ ಉಳಿದದ್ದರಲ್ಲಿ ಮಂಡಿಗೆ ಹಚ್ಚುವ ಎಣ್ಣೆ ಬರುತ್ತಿತ್ತು, ಮನೆ ಬರುತ್ತಿರಲಿಲ್ಲ. ಲೇತನ್ನು ಲಾರಿಗೆ ಏರಿಸುವಾಗ ಕೂದಲೆಳೆಯ ಹೆಂಡತಿ ಷಟರಿನ ಪಕ್ಕ ನಿಂತು ಅತ್ತಳು. ‘ಯಾರಿಗೂ ಒಂದು ಕಾಸು ಮೋಸ ಮಾಡಿದವರಲ್ಲ ನೀವು, ನಮಗೇ ಯಾಕೆ ಹೀಗೆ?’ ಎಂದಳು. ಅವನು ನೆಲದ ಮೇಲೆ ಮಷಿನಿನ ನಾಲ್ಕು ಕಾಲಿನ ಗುರುತನ್ನು ನೋಡುತ್ತ ನಿಂತ. ಆ ನಾಲ್ಕು ಚೌಕ ಬಿಟ್ಟು ನೆಲವೆಲ್ಲ ಎಣ್ಣೆ ಕುಡಿದು ಕಪ್ಪಾಗಿತ್ತು.

ಆಮೇಲೆ ಅವನು ಬೇರೊಬ್ಬರ ವರ್ಕ್‌ಶಾಪಿನಲ್ಲಿ ಕೂಲಿಗೆ ಸೇರಿದ. ‘ಇನ್ನೊಂದು ಕೂದಲೆಳೆ’ ಎನ್ನುವುದನ್ನು ಬಿಟ್ಟ. ಅಳತೆಗೆ ಬಂದರೆ ಸಾಕು, ತೆಗೆದಿಡುತ್ತಿದ್ದ. ಹೆಸರು ಮಾತ್ರ ಉಳಿಯಿತು. ಪ್ರತಿ ಶನಿವಾರ ಸಂಜೆ ಕೂಲಿ ಕೈಗೆ ಬಂದ ಕೂಡಲೆ ಮನೆಗೆ ಹೋಗದೆ ಮೂರು ಮಹಡಿಯ ಆ ಕಟ್ಟಡದ ಕೆಳಗೆ ಹೋಗಿ ನಿಲ್ಲುತ್ತಿದ್ದ. ಹತ್ತಲು ಧೈರ್ಯವಿರಲಿಲ್ಲ. ಮೊದಲನೇ ಸಲ ಅವನು ಅಲ್ಲಿ ನಿಂತು ಒದ್ದಾಡುತ್ತಿದ್ದಾಗ ಕಿಟಕಿಯಿಂದ ಅತ್ತಿಗೆ ನೋಡಿ, ಬುಟ್ಟಿ ಇಳಿಬಿಟ್ಟಿದ್ದರು.

‘ಯಾಕಪ್ಪ, ಅಲ್ಲೇ ನಿಂತ್ಬಿಟ್ಟೆ? ಮೇಲೆ ಬಾ!’

‘ಇಲ್ಲ ಅತ್ತಿಗೆ, ಕೆಲ್ಸ ಇದೆ’ ಎಂದು ಅವನು ಕೂಲಿಯಲ್ಲಿ ಅರ್ಧದಷ್ಟನ್ನು ಬುಟ್ಟಿಗೆ ಹಾಕಿದ್ದ. ಬುಟ್ಟಿ ಮೇಲೆ ಹೋಗಿ, ಸ್ವಲ್ಪ ಹೊತ್ತಿನಲ್ಲಿ ಮತ್ತೆ ಕೆಳಗೆ ಬಂತು. ಅದರಲ್ಲಿ ತಟ್ಟೆ ಮುಚ್ಚಿದ ಒಂದು ಲೋಟ ಚಹಾ. ಅಂದಿನಿಂದ ಅದೇ ರೂಢಿಯಾಯಿತು. ದುಡ್ಡು ಮೇಲೆ, ಚಹಾ ಕೆಳಗೆ. ಫೋರ್ಮನ್ ಒಂದು ದಿನವೂ ಕಿಟಕಿಗೆ ಬರಲಿಲ್ಲ.

ಅತ್ತಿಗೆಗೆ ಏನೂ ಗೊತ್ತಿಲ್ಲವೆಂದು ಅವನಿಗೆ ತಿಳಿದದ್ದು ಅವರ ಬಾಯಿಂದಲೇ. ಒಂದು ಶನಿವಾರ ಮೇಲಿಂದ ಬೀದಿಗೆಲ್ಲ ಕೇಳುವಂತೆ ಹೇಳಿದರು. ‘ಮರೆವಿನಲ್ಲಿ ಬಣ್ಣ ಬಳಿದದ್ದಕ್ಕೆ ಯಾರಪ್ಪ ಹೀಗೆ ವಾರ ವಾರ ತೀರಿಸ್ತಾರೆ? ನಿಮ್ಮಣ್ಣ ಎಲ್ಲ ಹೇಳಿದ್ರು. ಹಾಗೆಲ್ಲ ಆಗತ್ತಂತಲ್ಲ ನಿಮ್ಮ ಕೆಲ್ಸದಲ್ಲಿ. ನಿನ್ನಂಥವನು ಸಿಗಲ್ಲ ಬಿಡು!’ ತರಕಾರಿ ಗಾಡಿಯವನು ಇವನನ್ನು ನೋಡಿ ಮೆಚ್ಚುಗೆಯಿಂದ ತಲೆದೂಗಿದ.

ಮರುವಾರ ಅವನು ಬೀದಿಯಲ್ಲಿ ನಿಲ್ಲಲಿಲ್ಲ. ಇವತ್ತು ಅತ್ತಿಗೆಯ ಕಾಲು ಹಿಡಿದು ಎಲ್ಲವನ್ನೂ ಹೇಳಿಬಿಡಬೇಕೆಂದು ಮೆಟ್ಟಿಲು ಹತ್ತಿದ. ಕೊಳೆ ಹಿಡಿದ ಗೋಡೆ, ತಿರುವಿನಲ್ಲಿ ಯಾರದೋ ಮುರಿದ ಕುರ್ಚಿ, ಸವೆದು ನಡುವೆ ಹಳ್ಳ ಬಿದ್ದ ಮೆಟ್ಟಿಲು. ಗಟ್ಟಿ ಕಾಲಿನ ಅವನಿಗೇ ಮೂರನೇ ಮಹಡಿಗೆ ಉಸಿರು ಹತ್ತಿತು. ಬಾಗಿಲು ತಟ್ಟುವ ಮೊದಲೇ ಅದು ತೆರೆಯಿತು. ಫೋರ್ಮನ್ ಹೊರಗೆ ಬಂದು ಬಾಗಿಲನ್ನು ಬೆನ್ನ ಹಿಂದೆ ಎಳೆದುಕೊಂಡರು. ಸೊರಗಿದ್ದರು, ಕ್ಷೌರ ಮಾಡಿಕೊಂಡಿರಲಿಲ್ಲ.

‘ಯಾಕೆ ಬಂದೆ?’

‘ಅತ್ತಿಗೆಗೆ ನಿಜ ಹೇಳ್ಬೇಕು ಅಣ್ಣ. ನನಗೆ ತಡೆಯೋಕಾಗ್ತಿಲ್ಲ. ಅವರು ಹೊಗಳಿದ್ರೆ ಮೈಮೇಲೆ ಕೆಂಡ ಸುರಿದ ಹಾಗಾಗತ್ತೆ.’

‘ಹೇಳಿದ್ರೆ ಏನಾಗತ್ತೆ?’

‘ಬಯ್ಲಿ. ಉಗೀಲಿ. ನಾನು ಅದಕ್ಕೇ ಲಾಯಕ್ಕು.’

‘ನಿನ್ನ ಮನಸ್ಸು ಹಗುರ ಆಗತ್ತೆ’ ಎಂದರು ಫೋರ್ಮನ್. ‘ಅವಳದು? ಮನೆ ಹೋಯ್ತು, ಮಂಡಿ ಹೋಯ್ತು, ದಿನವೆಲ್ಲ ಆ ಕಿಟಕಿ ಹತ್ರ ಕೂತಿರ್ತಾಳೆ. ಶನಿವಾರ ಬಂತು ಅಂದ್ರೆ ಮಧ್ಯಾಹ್ನದಿಂದಲೇ ಚಹಾ ಪಾತ್ರೆ ತೊಳೆದು ಇಟ್ಕೋತಾಳೆ. ಲೋಕದಲ್ಲಿ ಒಬ್ಬನಾದ್ರೂ ನಿಯತ್ತಿನವನು ಇದ್ದಾನೆ ಅಂತ. ಅದನ್ನೂ ಕಿತ್ಕೊಂಡು ಹೋಗೋಕೆ ಬಂದ್ಯಾ?’

ಅವನಿಗೆ ಅಳು ಬಂತು. ‘ನೀವಾದ್ರೂ ಒಂದು ಮಾತು ಬಯ್ರಿ ಅಣ್ಣ.’

‘ಬಯ್ಯೋದು ನಮ್ಮವರನ್ನ’ ಎಂದರು ಫೋರ್ಮನ್. ಜೇಬಿಗೆ ಕೈ ಹಾಕಿದರು, ಏನೋ ತೆಗೆಯುವವರಂತೆ. ಆಮೇಲೆ ಬರಿಗೈಯನ್ನೇ ಹೊರಗೆ ತೆಗೆದು ಬಾಗಿಲಿನ ಚಿಲಕದ ಮೇಲೆ ಇಟ್ಟರು. ಒಳಗಿನಿಂದ ಅತ್ತಿಗೆಯ ದನಿ ಬಂತು, ‘ಯಾರ್ರೀ ಅದು?’

‘ಯಾರೂ ಇಲ್ಲ’ ಎಂದು ಫೋರ್ಮನ್ ಒಳಗೆ ಹೋದರು.

ಅವನು ಮೆಟ್ಟಿಲಿಳಿದು ಬೀದಿಗೆ ಬಂದ. ಹಾಗೇ ಮನೆಗೆ ಹೋಗಿಬಿಡೋಣ ಎನಿಸಿತು. ಆದರೆ ಅಷ್ಟರಲ್ಲಿ ಕಿಟಕಿಯಲ್ಲಿ ಅತ್ತಿಗೆಯ ಮುಖ ಕಂಡಿತು, ಕೈಯಲ್ಲಿ ಹಗ್ಗ.

‘ಈಗ ಬಂದ್ಯಾ? ಇವತ್ತು ಬರಲ್ಲವೇನೋ ಅಂದ್ಕೊಂಡೆ!’

‘ಬಂದೆ ಅತ್ತಿಗೆ’ ಎಂದು ಕೂಗಿದ. ಬುಟ್ಟಿ ಗೋಡೆಗೆ ತಾಗುತ್ತ ತಾಗುತ್ತ ಇಳಿಯಿತು. ದುಡ್ಡು ಹಾಕಿದ. ಅದು ಮೇಲೆ ಹೋಗಿ, ಚಹಾ ಹೊತ್ತು ಮತ್ತೆ ಇಳಿಯಿತು. ಅವನು ಬೀದಿಯಲ್ಲಿ ನಿಂತು ಚಹಾ ಕುಡಿಯಲು ತೊಡಗಿದ. ಅವನು ಕುಡಿದು ಮುಗಿಸುವುದನ್ನು ಅತ್ತಿಗೆ ಮೇಲಿಂದ ನೋಡುತ್ತಿದ್ದರು.

‘ಸಕ್ಕರೆ ಸಾಕಾಯ್ತೇನಪ್ಪ?’

‘ಸಾಕಾಯ್ತು ಅತ್ತಿಗೆ’ ಎಂದು ಅವನು ತಲೆಯೆತ್ತಿ ನಕ್ಕ. ಫೋರ್ಮನ್ ಲೇತು ನೋಡಲು ಬಂದ ಆ ಭಾನುವಾರ ನಕ್ಕಿದ್ದನಲ್ಲ, ಅದೇ ನಗು. ಇನ್ನು ಪ್ರತಿ ಶನಿವಾರವೂ ಅದನ್ನು ನಗಬೇಕಾಗಿತ್ತು.